ಕಾಲೇಜಿನ ಆವರಣದಲ್ಲೇ ಮತದಾರರ ನೋಂದಣಿ: ವಿದ್ಯಾರ್ಥಿಗಳೇ ಮುಂದೆ ನಿಂತು ನಡೆಸುವ ಬಗೆ

ಪ್ರತಿ ವರ್ಷ ಜನವರಿ 25ರಂದು ರಾಷ್ಟ್ರೀಯ ಮತದಾರರ ದಿನದ ನೆಪದಲ್ಲಿ ಪ್ರೌಢಶಾಲೆಗಳಲ್ಲಿಯೂ ಪದವಿಪೂರ್ವ ಕಾಲೇಜುಗಳಲ್ಲಿಯೂ ಪ್ರತಿಜ್ಞಾವಿಧಿ ಬೋಧನೆ, ಜಾಥಾ, ಪ್ರಬಂಧ ಸ್ಪರ್ಧೆ ನಡೆಯುತ್ತವೆ. ಇವೆಲ್ಲ ಬೇಕಾದವೇ. ಆದರೆ ಜಾಥಾದಲ್ಲಿ ಘೋಷಣೆ ಕೂಗಿದ ದ್ವಿತೀಯ ಪಿಯು ವಿದ್ಯಾರ್ಥಿನಿಯ ಹೆಸರು ಮತದಾರರ ಪಟ್ಟಿಯಲ್ಲಿ ತಾನಾಗಿ ಸೇರುವುದಿಲ್ಲ. ಅದಕ್ಕೆ ಆಕೆ ಹೆಸರು ಸೇರ್ಪಡೆಯ ಅರ್ಜಿಯಾದ ನಮೂನೆ-6ನ್ನು ತುಂಬಬೇಕು, ದಾಖಲೆ ಒದಗಿಸಬೇಕು, ಮನೆಗೆ ಬರುವ ಮತಗಟ್ಟೆ ಮಟ್ಟದ ಅಧಿಕಾರಿಗೆ (ಬಿಎಲ್‌ಒ) ಉತ್ತರಿಸಬೇಕು, ಕೊನೆಗೆ ಪಟ್ಟಿಯನ್ನು ತೆರೆದು ತನ್ನ ಹೆಸರನ್ನು ತಾನೇ ನೋಡಿ ಖಚಿತಪಡಿಸಿಕೊಳ್ಳಬೇಕು. ಈ ನಾಲ್ಕೂ ಕೆಲಸಗಳನ್ನು ಶಿಕ್ಷಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳೇ ಒಬ್ಬರಿಗೊಬ್ಬರು ನೆರವಾಗಿ ಮಾಡಿ ಮುಗಿಸಬಹುದು. ಅದನ್ನು ಒಂದು ದಿನದ ಕಾರ್ಯಕ್ರಮವಾಗಿ ನೋಡದೆ ವರ್ಷವಿಡೀ ಸಾಗುವ ಕೆಲಸವಾಗಿ ಹೇಗೆ ರೂಪಿಸಬೇಕು ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ವಿವರಿಸಲಾಗಿದೆ. ಈ ಕೆಲಸದ ಹೊಣೆ ಹೊತ್ತ ನೋಡಲ್ ಶಿಕ್ಷಕರು, ಪ್ರಾಂಶುಪಾಲರು ಮತ್ತು ಸ್ವತಃ ವಿದ್ಯಾರ್ಥಿಗಳು ಇದರ ಓದುಗರೆಂದು ಭಾವಿಸಿ ಬರೆದಿದ್ದೇನೆ.

ಮೊದಲು ವಯಸ್ಸಿನ ಲೆಕ್ಕ ತಿಳಿದಿರಲಿ

ಸಂವಿಧಾನದ 61ನೇ ತಿದ್ದುಪಡಿಯು 1989ರ ಮಾರ್ಚ್ 28ರಂದು ಜಾರಿಗೆ ಬಂದಾಗ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಅಲ್ಲಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಜನವರಿ 1 ಒಂದೇ ಅರ್ಹತಾ ದಿನಾಂಕ, ಅಂದರೆ 18 ತುಂಬಿದೆಯೇ ಎಂದು ಲೆಕ್ಕ ಹಾಕುವ ದಿನ, ಆಗಿತ್ತು. ಜನವರಿ 2ರಂದು 18 ತುಂಬಿದವರು ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕಾಗುತ್ತಿತ್ತು, ಆ ನಡುವೆ ಚುನಾವಣೆ ಬಂದುಹೋದರೆ ಮತದಾನದಿಂದ ಹೊರಗುಳಿಯಬೇಕಾಗುತ್ತಿತ್ತು. 2021ರ ಚುನಾವಣಾ ಕಾನೂನುಗಳ ತಿದ್ದುಪಡಿಯ ನಂತರ, 2022ರ ಆಗಸ್ಟ್ 1ರಿಂದ ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಎಂಬ ನಾಲ್ಕು ಅರ್ಹತಾ ದಿನಾಂಕಗಳು ಚಾಲ್ತಿಯಲ್ಲಿವೆ.

ಇದಕ್ಕಿಂತಲೂ ಕಾಲೇಜುಗಳಿಗೆ ಉಪಯುಕ್ತವಾದದ್ದು ಮುಂಗಡ ಅರ್ಜಿಯ ಅವಕಾಶ. 17 ವರ್ಷ ದಾಟಿದವರು 18 ತುಂಬುವವರೆಗೆ ಕಾಯದೆ ಮೊದಲೇ ಅರ್ಜಿ ಸಲ್ಲಿಸಬಹುದು. ಅವರಿಗೆ 18 ತುಂಬಿದ ಮೇಲೆ ಬರುವ ಅರ್ಹತಾ ದಿನಾಂಕದ ತ್ರೈಮಾಸಿಕದಲ್ಲಿ ಆ ಅರ್ಜಿಯನ್ನು ಪರಿಶೀಲಿಸಿ ಹೆಸರು ಸೇರಿಸಲಾಗುತ್ತದೆ. ವಾರ್ಷಿಕ ಪರಿಷ್ಕರಣೆಯ ಕರಡು ಪಟ್ಟಿ ಪ್ರಕಟವಾದ ದಿನದಿಂದ, ಮುಂದಿನ ವರ್ಷದ ನಾಲ್ಕೂ ದಿನಾಂಕಗಳಿಗೆ ಅರ್ಹರಾಗುವವರ ಅರ್ಜಿಗಳನ್ನು ಸ್ವೀಕರಿಸುವ ಪದ್ಧತಿ ಇದೆ. ಹಾಗಾಗಿ ದ್ವಿತೀಯ ಪಿಯು ತರಗತಿಯಲ್ಲಿ ಕುಳಿತಿರುವ ಬಹುಪಾಲು ಮಕ್ಕಳು ಕಾಲೇಜು ಬಿಡುವ ಮೊದಲೇ ಅರ್ಜಿ ಹಾಕಿ ಮುಗಿಸಬಹುದು.

ಲೆಕ್ಕದಲ್ಲಿ ಒಂದು ದಿನದ ವ್ಯತ್ಯಾಸವೂ ಮುಖ್ಯ. 2008ರ ಏಪ್ರಿಲ್ 1ರಂದು ಹುಟ್ಟಿದವರು 2026ರ ಏಪ್ರಿಲ್ 1ರ ಅರ್ಹತಾ ದಿನಾಂಕಕ್ಕೇ ಸೇರುತ್ತಾರೆ. ಮರುದಿನ, ಏಪ್ರಿಲ್ 2ರಂದು ಹುಟ್ಟಿದ ಸಹಪಾಠಿಗೆ ಜುಲೈ 1ರವರೆಗೆ ಕಾಯಬೇಕಾಗುತ್ತದೆ. ತರಗತಿಯ ಹಾಜರಿ ಪುಸ್ತಕವನ್ನೂ ದಾಖಲಾತಿ ರಿಜಿಸ್ಟರನ್ನೂ ಮುಂದಿಟ್ಟುಕೊಂಡು ನೋಡಲ್ ಶಿಕ್ಷಕರು ಪ್ರತಿಯೊಬ್ಬರ ಹೆಸರಿನ ಮುಂದೆ ಅವರ ಅರ್ಹತಾ ದಿನಾಂಕವನ್ನು ಬರೆದುಕೊಂಡರೆ ಇಡೀ ವರ್ಷದ ಕೆಲಸದ ನಕ್ಷೆ ಅಲ್ಲೇ ಸಿದ್ಧವಾಗುತ್ತದೆ.

ತಂಡ ಕಟ್ಟುವುದು

ಚುನಾವಣಾ ಆಯೋಗವು 2018ರ ಜನವರಿ 25ರಂದು ಮತದಾರರ ಸಾಕ್ಷರತಾ ಸಂಘಗಳಿಗೆ ಚಾಲನೆ ನೀಡಿತು. ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗಿನ ವಿದ್ಯಾರ್ಥಿಗಳನ್ನು ಭಾವಿ ಮತದಾರರೆಂದು ಗುರುತಿಸಿ ಶಾಲೆಗಳಲ್ಲಿ ಒಂದು ಬಗೆಯ ಸಂಘವನ್ನೂ, ಹೊಸ ಮತದಾರರಿಗಾಗಿ ಕಾಲೇಜುಗಳಲ್ಲಿ ಇನ್ನೊಂದು ಬಗೆಯ ಸಂಘವನ್ನೂ ಅದು ಕಲ್ಪಿಸಿದೆ. ನಿಮ್ಮ ಸಂಸ್ಥೆಯಲ್ಲಿ ಇಂತಹ ಸಂಘ ಕಾಗದದ ಮೇಲಾದರೂ ಇರುವ ಸಾಧ್ಯತೆ ಹೆಚ್ಚು. ಹೊಸ ಸಮಿತಿಯೊಂದನ್ನು ಹುಟ್ಟುಹಾಕುವ ಬದಲು ಅದಕ್ಕೇ ಜೀವ ತುಂಬುವುದು ಒಳ್ಳೆಯದು. ತಾಲ್ಲೂಕು ಕಚೇರಿಯೊಂದಿಗೂ ಮತದಾರರ ಜಾಗೃತಿಯ ಕೆಲಸ ನೋಡಿಕೊಳ್ಳುವ ಜಿಲ್ಲಾ ಸ್ವೀಪ್ ಸಮಿತಿಯೊಂದಿಗೂ ಪತ್ರವ್ಯವಹಾರ ನಡೆಸಲು ಆ ಹೆಸರು ನೆರವಾಗುತ್ತದೆ.

ಸಂಘದ ಕಾರ್ಯಕಾರಿ ಸಮಿತಿಯನ್ನು ವಿದ್ಯಾರ್ಥಿಗಳೇ ಮತ ಹಾಕಿ ಆರಿಸಬೇಕು. ಪ್ರತಿಯೊಂದು ವಿಭಾಗದಿಂದ ಇಬ್ಬರು, ಅದರಲ್ಲಿ ಒಬ್ಬರು ಹುಡುಗಿ, ಇದ್ದರೆ ಒಳಿತು. ಪ್ರಥಮ ಪಿಯು ವಿದ್ಯಾರ್ಥಿಗಳನ್ನು ಅರ್ಧದಷ್ಟಾದರೂ ಸೇರಿಸಿಕೊಳ್ಳಬೇಕು, ಏಕೆಂದರೆ ದ್ವಿತೀಯ ಪಿಯು ವಿದ್ಯಾರ್ಥಿಗಳು ಮಾರ್ಚ್ ಹೊತ್ತಿಗೆ ಪರೀಕ್ಷೆ ಬರೆದು ಹೊರಟುಬಿಡುತ್ತಾರೆ ಮತ್ತು ಅವರೊಂದಿಗೇ ಅನುಭವವೂ ಹೊರಟುಹೋಗುತ್ತದೆ. ತರಗತಿಯ ಜಾಣರನ್ನಷ್ಟೇ ಆರಿಸುವ ರೂಢಿಯನ್ನು ಇಲ್ಲಿ ಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬಸ್ಸಿನಲ್ಲಿ ದೂರದ ಹಳ್ಳಿಗಳಿಂದ ಬರುವವರು, ಹಾಸ್ಟೆಲ್‌ನಲ್ಲಿ ಇರುವವರು, ಮಾತು ಕಡಿಮೆ ಆಡಿದರೂ ಎಲ್ಲರ ಮನೆ ಗೊತ್ತಿರುವವರು ಈ ಕೆಲಸಕ್ಕೆ ಹೆಚ್ಚು ಸೂಕ್ತರು.

ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಗೆ ಮೊದಲ ಭೇಟಿ

ನಾಲ್ಕೈದು ವಿದ್ಯಾರ್ಥಿಗಳೂ ನೋಡಲ್ ಶಿಕ್ಷಕರೂ ಪ್ರಾಂಶುಪಾಲರ ಪತ್ರ ಹಿಡಿದು ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಗೆ ಹೋಗಿ ಬರುವುದು ಮುಂದಿನ ಹೆಜ್ಜೆ. ಪತ್ರದಲ್ಲಿ ಮೂರು ವಿಷಯಗಳನ್ನು ಸ್ಪಷ್ಟವಾಗಿ ಕೇಳಬೇಕು: ಕಾಲೇಜಿನಲ್ಲಿ ನೋಂದಣಿ ಶಿಬಿರ ನಡೆಸಲು ದಿನಾಂಕ, ಆ ದಿನ ಹಾಜರಿರುವ ಬಿಎಲ್‌ಒ ಅಥವಾ ಸಿಬ್ಬಂದಿಯ ವಿವರ, ಮತ್ತು ಬೇರೆ ಕ್ಷೇತ್ರಗಳಲ್ಲಿ ವಾಸಿಸುವ ವಿದ್ಯಾರ್ಥಿಗಳ ಅರ್ಜಿಗಳನ್ನು ಏನು ಮಾಡಬೇಕೆಂಬ ಸೂಚನೆ.

ಮೂರನೆಯ ಪ್ರಶ್ನೆಯೇ ಅತಿ ಮುಖ್ಯ. ಪ್ರತಿಯೊಬ್ಬ ಬಿಎಲ್‌ಒ ಅವರ ಜವಾಬ್ದಾರಿ ಮತದಾರರ ಪಟ್ಟಿಯ ತಮ್ಮ ಭಾಗಕ್ಕೆ, ಅಂದರೆ ತಮ್ಮ ಮತಗಟ್ಟೆಯ ವ್ಯಾಪ್ತಿಗೆ ಸೀಮಿತ. ರಾಜ್ಯದಲ್ಲಿ 224 ವಿಧಾನಸಭಾ ಕ್ಷೇತ್ರಗಳಿವೆ, ಒಂದೊಂದು ಕ್ಷೇತ್ರದಲ್ಲೂ ನೂರಾರು ಭಾಗಗಳಿವೆ. ಹೋಬಳಿ ಕೇಂದ್ರದ ಒಂದು ಸಣ್ಣ ಕಾಲೇಜಿಗೂ ಹತ್ತಾರು ಭಾಗಗಳಿಂದ ಮಕ್ಕಳು ಬರುತ್ತಾರೆ. ಕಾಲೇಜು ಇರುವ ಜಾಗದ ಬಿಎಲ್‌ಒ ಒಬ್ಬರನ್ನು ಕರೆದು ಕೂರಿಸಿ, ಎಲ್ಲರ ಅರ್ಜಿಗಳನ್ನೂ ಅವರ ಕೈಗೆ ಕೊಟ್ಟು ಕೆಲಸವಾಯಿತೆಂದು ಭಾವಿಸಿದರೆ ಅರ್ಧಕ್ಕರ್ಧ ಅರ್ಜಿಗಳು ಎಲ್ಲಿಗೂ ಸೇರದೆ ಉಳಿಯಬಹುದು. ಅದೇ ಕ್ಷೇತ್ರದವರು ಕಾಗದದ ನಮೂನೆಯನ್ನು ಕೊಡಲಿ. ಬೇರೆ ಕ್ಷೇತ್ರದವರು ಆಯೋಗದ ಮತದಾರರ ಸೇವಾ ಪೋರ್ಟಲ್ ಅಥವಾ ಮೊಬೈಲ್ ಆ್ಯಪ್ ಮೂಲಕ ಅರ್ಜಿ ಹಾಕಲಿ ಎಂದು ಮೊದಲೇ ವಿಂಗಡಿಸಿಕೊಳ್ಳುವುದು ಸರಿಯಾದ ದಾರಿ. ಆನ್‌ಲೈನ್ ಅರ್ಜಿ ನೇರವಾಗಿ ಆಯಾ ಕ್ಷೇತ್ರದ ನೋಂದಣಿ ಅಧಿಕಾರಿಗೆ ತಲುಪುತ್ತದೆ.

ವಿದ್ಯಾರ್ಥಿ ನಾಯಕರು ಎಲ್ಲರ ಅರ್ಜಿಗಳನ್ನೂ ಕಟ್ಟು ಕಟ್ಟಿಕೊಂಡು ಕಚೇರಿಗೆ ಒಯ್ದು ಕೊಡುವುದಾಗಿ ಮುಂದೆ ಬರುವುದುಂಟು. ಉತ್ಸಾಹ ಮೆಚ್ಚತಕ್ಕದ್ದೇ, ಆದರೆ ಒಬ್ಬರೇ ವ್ಯಕ್ತಿ ರಾಶಿಯಾಗಿ ತರುವ ಅರ್ಜಿಗಳನ್ನು ಸ್ವೀಕರಿಸಬಾರದೆಂಬುದು ಆಯೋಗದ ನಿಯಮ. ಒಂದೇ ಮನೆಯವರ ಅರ್ಜಿಗಳಿಗೆ ವಿನಾಯಿತಿ ಇದೆ. ಅದಕ್ಕಾಗಿಯೇ ಸಿಬ್ಬಂದಿಯನ್ನು ಆವರಣಕ್ಕೆ ಕರೆಸಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಅರ್ಜಿಯನ್ನು ತಾನೇ ಕೊಡುವಂತೆ ಏರ್ಪಾಡು ಮಾಡಬೇಕು.

ವಿಳಾಸ ಯಾವುದು: ಊರಿನ ಮನೆಯೋ, ಹಾಸ್ಟೆಲೋ?

1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಒಬ್ಬರು ಸಾಮಾನ್ಯ ನಿವಾಸಿಯಾಗಿರುವ ಕ್ಷೇತ್ರದಲ್ಲಿ ಮಾತ್ರ ನೋಂದಾಯಿಸಿಕೊಳ್ಳಬಹುದು, ಮತ್ತು ಒಂದಕ್ಕಿಂತ ಹೆಚ್ಚು ಕಡೆ ಹೆಸರು ಇರಬಾರದು. ಮನೆಯಿಂದಲೇ ಓಡಾಡುವ ವಿದ್ಯಾರ್ಥಿಗೆ ಇಲ್ಲಿ ಗೊಂದಲವೇ ಇಲ್ಲ. ಹಾಸ್ಟೆಲ್‌ನಲ್ಲಿ ಇರುವವರಿಗೆ ಮಾತ್ರ ಆಯ್ಕೆಯ ಪ್ರಶ್ನೆ ಬರುತ್ತದೆ: ತಂದೆತಾಯಿ ಇರುವ ಊರಿನಲ್ಲಿಯೂ ನೋಂದಾಯಿಸಬಹುದು, ಹಾಸ್ಟೆಲ್ ವಿಳಾಸದಲ್ಲಿಯೂ ನೋಂದಾಯಿಸಬಹುದು. ಎರಡನೆಯದಕ್ಕೆ ಕನಿಷ್ಠ ಒಂದು ವರ್ಷದ ಮಾನ್ಯತೆ ಪಡೆದ ವ್ಯಾಸಂಗ ಆಗಿರಬೇಕು, ಮತ್ತು ಸಂಸ್ಥೆಯ ಮುಖ್ಯಸ್ಥರು ಸಹಿ ಮಾಡಿದ ನಿಗದಿತ ಘೋಷಣಾ ಪತ್ರವನ್ನು ನಮೂನೆ-6ರ ಜೊತೆಗೆ ಲಗತ್ತಿಸಬೇಕು.

ಯಾವುದನ್ನು ಆರಿಸಿಕೊಳ್ಳಬೇಕು? ಪಿಯು ವಿದ್ಯಾರ್ಥಿಗಳಿಗೆ ಊರಿನ ವಿಳಾಸವೇ ಮೇಲು ಎಂದು ನನಗೆ ಅನಿಸುತ್ತದೆ, ಅದಕ್ಕೆ ಕಾರಣ ಕ್ಯಾಲೆಂಡರಿನಲ್ಲೇ ಇದೆ. ಕರ್ನಾಟಕದಲ್ಲಿ ವಿಧಾನಸಭೆಗೆ 2018ರಲ್ಲಿ ಮೇ 12ರಂದು, 2023ರಲ್ಲಿ ಮೇ 10ರಂದು ಮತದಾನ ನಡೆಯಿತು. ಲೋಕಸಭೆಗೆ 2019ರಲ್ಲಿ ಏಪ್ರಿಲ್ 18 ಮತ್ತು 23ರಂದು, 2024ರಲ್ಲಿ ಏಪ್ರಿಲ್ 26 ಮತ್ತು ಮೇ 7ರಂದು ನಡೆಯಿತು. ಇವೆಲ್ಲವೂ ಬೇಸಿಗೆ ರಜೆಯ ದಿನಗಳು. ಹಾಸ್ಟೆಲ್‌ನಲ್ಲಿ ಹೆಸರು ಸೇರಿಸಿಕೊಂಡ ಹುಡುಗ ಆ ಹೊತ್ತಿಗೆ ಪರೀಕ್ಷೆ ಮುಗಿಸಿ ಊರಿಗೆ ಹೋಗಿರುತ್ತಾನೆ, ಎಷ್ಟೋ ಸಲ ಹಾಸ್ಟೆಲ್ ಮುಚ್ಚಿಯೂ ಇರುತ್ತದೆ. ಒಂದು ಮತಕ್ಕಾಗಿ ನೂರಾರು ಕಿಲೋಮೀಟರ್ ಮರಳಿ ಬರುವ ಖರ್ಚನ್ನು ಆ ಮನೆಯವರ ಮೇಲೆ ಹೇರುವುದು ನ್ಯಾಯವಲ್ಲ. ಊರಿಗೆ ಹೋಗುವ ಸಾಧ್ಯತೆಯೇ ಇಲ್ಲದವರು, ರಜೆಯಲ್ಲೂ ಇಲ್ಲೇ ಉಳಿಯುವವರು ಹಾಸ್ಟೆಲ್ ವಿಳಾಸವನ್ನು ಆರಿಸಿಕೊಳ್ಳಲಿ. ಏನೇ ಆದರೂ ತೀರ್ಮಾನ ವಿದ್ಯಾರ್ಥಿಯದೇ ಆಗಿರಬೇಕು. ಶಿಬಿರದ ಅರ್ಜಿ ಸಂಖ್ಯೆ ಹೆಚ್ಚಲೆಂದು ಎಲ್ಲರನ್ನೂ ಕಾಲೇಜಿನ ವಿಳಾಸಕ್ಕೆ ಸೇರಿಸುವುದು ತಪ್ಪು.

ದಾಖಲೆಗಳ ಪರಿಶೀಲನೆ ಶಿಬಿರಕ್ಕೆ ಮೊದಲೇ ಮುಗಿದಿರಲಿ

ಶಿಬಿರದ ದಿನ ಮೇಜಿನ ಮುಂದೆ ಸಾಲು ನಿಂತ ಮೇಲೆ ಯಾರ ಬಳಿ ಏನಿಲ್ಲ ಎಂದು ಹುಡುಕಿದರೆ ದಿನವೇ ಹಾಳಾಗುತ್ತದೆ. ಅದಕ್ಕೆ ಒಂದು ವಾರ ಮೊದಲು ಸಮಿತಿಯ ಸದಸ್ಯರು ತಮ್ಮ ತಮ್ಮ ವಿಭಾಗದವರೊಂದಿಗೆ ಕುಳಿತು ದಾಖಲೆಗಳನ್ನು ನೋಡಿಕೊಳ್ಳಬೇಕು.

ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರ, ಆಧಾರ್, ಪಾನ್ ಕಾರ್ಡ್, ಚಾಲನಾ ಪರವಾನಗಿ, ಪಾಸ್‌ಪೋರ್ಟ್ ಅಥವಾ ಜನ್ಮದಿನಾಂಕ ನಮೂದಾಗಿರುವ ಹತ್ತನೇ ಇಲ್ಲವೇ ಹನ್ನೆರಡನೇ ತರಗತಿಯ ಪ್ರಮಾಣಪತ್ರ, ಇವುಗಳಲ್ಲಿ ಒಂದು ಸಾಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಪ್ರತಿಯೊಬ್ಬ ಪಿಯು ವಿದ್ಯಾರ್ಥಿಯ ಬಳಿಯೂ ಇರುವುದರಿಂದ ಅದೇ ಸುಲಭದ ದಾರಿ. ವಿಳಾಸಕ್ಕೆ ಆಧಾರ್, ಬ್ಯಾಂಕ್ ಅಥವಾ ಅಂಚೆ ಕಚೇರಿಯ ಚಾಲ್ತಿ ಪಾಸ್‌ಬುಕ್, ನೀರು, ವಿದ್ಯುತ್ ಅಥವಾ ಅನಿಲ ಸಂಪರ್ಕದ ಬಿಲ್, ಕಂದಾಯ ಇಲಾಖೆಯ ಜಮೀನು ದಾಖಲೆ, ನೋಂದಾಯಿತ ಬಾಡಿಗೆ ಕರಾರು ಅಥವಾ ಕ್ರಯಪತ್ರ ನಡೆಯುತ್ತವೆ. ಇವು ತಂದೆ ಅಥವಾ ತಾಯಿಯ ಹೆಸರಿನಲ್ಲಿದ್ದರೂ ಆಗುತ್ತದೆ. ಆಧಾರ್ ಸಂಖ್ಯೆಯನ್ನು ಒದಗಿಸಲು ಸೂಕ್ತ ಕಾರಣದಿಂದ ಆಗದಿದ್ದರೆ ಆ ಒಂದೇ ಕಾರಣಕ್ಕೆ ಅರ್ಜಿಯನ್ನು ನಿರಾಕರಿಸುವಂತಿಲ್ಲ ಎಂದು ಕಾಯಿದೆಯೇ ಹೇಳುತ್ತದೆ. ಇದನ್ನು ಮಕ್ಕಳಿಗೆ ತಿಳಿಸಬೇಕು, ಏಕೆಂದರೆ ಆಧಾರ್ ಇಲ್ಲವೆಂಬ ಕಾರಣಕ್ಕೆ ಸುಮ್ಮನೆ ಹಿಂದೆ ಸರಿಯುವವರು ಪ್ರತಿ ತರಗತಿಯಲ್ಲೂ ಒಬ್ಬಿಬ್ಬರು ಇರುತ್ತಾರೆ.

ಇದರ ಜೊತೆಗೆ ಇನ್ನೆರಡು ವಸ್ತುಗಳು ಬೇಕು. ಒಂದು, ಬಿಳಿಯ ಹಿನ್ನೆಲೆಯಲ್ಲಿ ಮುಖ ನೇರವಾಗಿ ಕಾಣುವ ಇತ್ತೀಚಿನ ಬಣ್ಣದ ಭಾವಚಿತ್ರ, ಅಳತೆ 4.5 ಸೆಂ.ಮೀ. ಉದ್ದ, 3.5 ಸೆಂ.ಮೀ. ಅಗಲ, ಅದರ ಮೇಲೆ ಸಹಿ ಹಾಕಬಾರದು. ಇನ್ನೊಂದು, ತಂದೆ ಅಥವಾ ತಾಯಿಯ ಮತದಾರರ ಗುರುತಿನ ಚೀಟಿಯ ಸಂಖ್ಯೆ. ಮೂರು ಅಕ್ಷರ, ಏಳು ಅಂಕಿಗಳ ಈ ಸಂಖ್ಯೆಯಿಂದ ಮನೆಯವರ ಭಾಗ ಸಂಖ್ಯೆ ಸಿಗುತ್ತದೆ, ವಿದ್ಯಾರ್ಥಿಯ ಹೆಸರು ಅದೇ ಮತಗಟ್ಟೆಯಲ್ಲಿ ಮನೆಯವರ ಜೊತೆಗೇ ಬರುವಂತೆ ನೋಡಿಕೊಳ್ಳಲು ಅನುಕೂಲವಾಗುತ್ತದೆ. ತಂದೆತಾಯಿ ಇಲ್ಲದವರು ಕಾನೂನುಬದ್ಧ ಪೋಷಕರ ಹೆಸರನ್ನು ಬರೆಯಬಹುದು. ತೃತೀಯ ಲಿಂಗಿ ಅರ್ಜಿದಾರರು ತಮ್ಮ ಗುರುವಿನ ಹೆಸರನ್ನು ಬರೆಯಲು ನಮೂನೆಯಲ್ಲೇ ಅವಕಾಶವಿದೆ.

2025ರಲ್ಲಿ ಬಿಹಾರದಿಂದ ಆರಂಭವಾದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ನಡೆಯುತ್ತಿರುವ ಕಡೆಗಳಲ್ಲಿ ನಮೂನೆ-6ರ ಜೊತೆಗೆ ಪ್ರತ್ಯೇಕ ಘೋಷಣಾ ಪತ್ರವನ್ನೂ ಕೇಳಲಾಗಿದೆ. ಆದ್ದರಿಂದ ಶಿಬಿರದ ದಿನ ಗೊತ್ತುಮಾಡುವಾಗಲೇ ಆ ಹೊತ್ತಿಗೆ ಯಾವ ಪರಿಷ್ಕರಣೆ ಜಾರಿಯಲ್ಲಿದೆ, ಹೆಚ್ಚಿನ ದಾಖಲೆ ಏನಾದರೂ ಬೇಕೇ ಎಂದು ಚುನಾವಣಾ ಶಾಖೆಯಲ್ಲಿ ಕೇಳಿಕೊಳ್ಳಬೇಕು.

ಶಿಬಿರದ ದಿನ

ಒಂದು ತರಗತಿ ಕೊಠಡಿ, ನಾಲ್ಕು ಮೇಜು, ನೆಟ್‌ವರ್ಕ್ ಸರಿಯಾಗಿ ಸಿಗುವ ಒಂದೆರಡು ಗಣಕಯಂತ್ರ ಅಥವಾ ಮೊಬೈಲ್ ಇದ್ದರೆ ಸಾಕು. ಮೊದಲ ಮೇಜಿನಲ್ಲಿ ವಯಸ್ಸು ಮತ್ತು ಅರ್ಹತಾ ದಿನಾಂಕದ ತಾಳೆ, ಎರಡನೆಯದರಲ್ಲಿ ನಮೂನೆ ತುಂಬುವುದು, ಮೂರನೆಯದರಲ್ಲಿ ಬೇರೊಬ್ಬ ವಿದ್ಯಾರ್ಥಿಯಿಂದ ಮರುಪರಿಶೀಲನೆ, ನಾಲ್ಕನೆಯದರಲ್ಲಿ ಬಿಎಲ್‌ಒ. ಒಂದು ಗಂಟೆಗೆ ಒಂದು ವಿಭಾಗದಂತೆ ಕರೆದರೆ ಪಾಠಕ್ಕೂ ಅಡ್ಡಿಯಾಗದು.

ಮೂರನೆಯ ಮೇಜಿನ ಕೆಲಸವನ್ನು ಹಗುರವಾಗಿ ಕಾಣಬಾರದು. ಮತದಾರರ ಪಟ್ಟಿಯಲ್ಲಿ ಕಾಣುವ ತಪ್ಪುಗಳಲ್ಲಿ ಬಹಳಷ್ಟು ಇಲ್ಲಿಯೇ ಹುಟ್ಟುತ್ತವೆ, ಇಲ್ಲಿಯೇ ತಡೆಯಲೂಬಹುದು. ನಮ್ಮಲ್ಲಿ ಹೆಸರಿನ ಹಿಂದೆ ಅಥವಾ ಮುಂದೆ ಇನಿಷಿಯಲ್ ಬರೆಯುವ ರೂಢಿ; ಅಂಕಪಟ್ಟಿಯಲ್ಲಿ ‘ಮಂಜುಳಾ ಕೆ. ಎಸ್.’ ಎಂದಿರುವ ಹುಡುಗಿ ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರಿನೊಂದಿಗೆ ಇರುತ್ತಾಳೆ, ಪಾಸ್‌ಬುಕ್‌ನಲ್ಲಿ ಬರೀ ‘ಮಂಜುಳ’ ಆಗಿರುತ್ತಾಳೆ. ನಮೂನೆ ಹೆಸರನ್ನೂ ಉಪನಾಮವನ್ನೂ ಬೇರೆ ಬೇರೆ ಕೇಳುತ್ತದೆ. ಲಗತ್ತಿಸುವ ದಾಖಲೆಯಲ್ಲಿ ಇರುವಂತೆಯೇ ಬರೆಯುವುದು ಸುರಕ್ಷಿತ. ಆನ್‌ಲೈನ್‌ನಲ್ಲಿ ತುಂಬುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದ ಹೆಸರು ಪಕ್ಕದ ಅಂಕಣದಲ್ಲಿ ತಾನಾಗಿ ಕನ್ನಡಕ್ಕೆ ತಿರುಗುತ್ತದೆ, ಆಗ ‘ಶೋಭಾ’ ‘ಷೋಭ’ ಆಗಬಹುದು, ‘ಗಣೇಶ’ ‘ಗನೇಶ್’ ಆಗಬಹುದು, ಊರಿನ ಹೆಸರು ಗುರುತೇ ಸಿಗದಷ್ಟು ಕೆಡಬಹುದು. ಕನ್ನಡದ ಅಂಕಣವನ್ನು ಅರ್ಜಿದಾರರು ಗಟ್ಟಿಯಾಗಿ ಓದಿ, ಪಕ್ಕದವರು ದಾಖಲೆಯೊಂದಿಗೆ ಹೋಲಿಸಿ, ಬೇಕಾದರೆ ಕೈಯಿಂದ ತಿದ್ದಿದ ಮೇಲೆಯೇ ಸಲ್ಲಿಸಬೇಕು. ಈಗ ಅರ್ಧ ನಿಮಿಷದಲ್ಲಿ ಸರಿಯಾಗುವ ತಪ್ಪಿಗೆ ಮುಂದೆ ತಿದ್ದುಪಡಿಯ ನಮೂನೆ-8 ಹಾಕಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ಅಂಗವೈಕಲ್ಯದ ಅಂಕಣ ಐಚ್ಛಿಕ. ಅದನ್ನು ತುಂಬಿದರೆ ಮತಗಟ್ಟೆಯಲ್ಲಿ ಗಾಲಿಕುರ್ಚಿ ಮೊದಲಾದ ನೆರವು ಒದಗಿಸಲು ಅನುಕೂಲವೆಂದು ಆ ವಿದ್ಯಾರ್ಥಿಗೆ ಖಾಸಗಿಯಾಗಿ ತಿಳಿಸಬೇಕು, ತುಂಬುವುದೋ ಬಿಡುವುದೋ ಅವರಿಗೆ ಬಿಟ್ಟದ್ದು.

ಕೊನೆಯ ಘೋಷಣೆಯನ್ನು ಓದದೆ ಸಹಿ ಹಾಕಿಸಬಾರದು. ತಾನು ಭಾರತದ ಪ್ರಜೆ, ಈ ವಿಳಾಸದ ಸಾಮಾನ್ಯ ನಿವಾಸಿ, ಬೇರೆಡೆ ತನ್ನ ಹೆಸರಿಲ್ಲ ಎಂದು ಅರ್ಜಿದಾರರು ಅಲ್ಲಿ ಹೇಳುತ್ತಾರೆ. ತಿಳಿದೂ ಸುಳ್ಳು ಹೇಳಿದರೆ 1950ರ ಕಾಯಿದೆಯ 31ನೇ ಸೆಕ್ಷನ್ನಿನಡಿ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಆಗಬಹುದು. ಹೆದರಿಸಲು ಅಲ್ಲ, ತಾವು ಸಹಿ ಹಾಕುತ್ತಿರುವ ಕಾಗದದ ತೂಕ ತಿಳಿಯಲಿ ಎಂಬ ಕಾರಣಕ್ಕೆ ಇದನ್ನು ಹೇಳಬೇಕು. ಬಹುಶಃ ಎಷ್ಟೋ ಮಕ್ಕಳ ಬದುಕಿನಲ್ಲಿ ಸ್ವಂತ ಜವಾಬ್ದಾರಿಯ ಮೇಲೆ ಮಾಡುವ ಮೊದಲ ಸಹಿ ಇದೇ ಆಗಿರುತ್ತದೆ.

ಕಾಗದದ ಅರ್ಜಿಗೆ ಬಿಎಲ್‌ಒ ಹರಿದು ಕೊಡುವ ಸ್ವೀಕೃತಿ ಚೀಟಿಯನ್ನೂ, ಆನ್‌ಲೈನ್ ಅರ್ಜಿಗೆ ಬರುವ ಉಲ್ಲೇಖ ಸಂಖ್ಯೆಯನ್ನೂ ಪಡೆಯದೆ ಯಾರೂ ಕೊಠಡಿಯಿಂದ ಹೊರಡಬಾರದು.

ಶಿಬಿರ ಮುಗಿದ ಮೇಲೆ ಬೆನ್ನುಹತ್ತುವ ಕೆಲಸ

ಹೆಚ್ಚಿನ ಸಂಸ್ಥೆಗಳು ಕೈಬಿಡುವ ಹಂತ ಇದು. ಸಮಿತಿಯವರು ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ವಿಭಾಗ, ಉಲ್ಲೇಖ ಸಂಖ್ಯೆ, ಅರ್ಹತಾ ದಿನಾಂಕ ಮತ್ತು ಅರ್ಜಿಯ ಸದ್ಯದ ಸ್ಥಿತಿ ಎಂಬ ಐದು ಅಂಕಣಗಳನ್ನಷ್ಟೇ ಇಟ್ಟುಕೊಳ್ಳಬೇಕು, ಅದು ನೋಡಲ್ ಶಿಕ್ಷಕರ ಬೀರುವಿನಲ್ಲಿ ಇರಬೇಕು. ಆಧಾರ್ ಸಂಖ್ಯೆ, ಫೋಟೊ, ಮನೆಯ ವಿಳಾಸ ಅದರಲ್ಲಿ ಬೇಡ.

ಅರ್ಜಿ ಸಲ್ಲಿಕೆಯಾದ ಮೇಲೆ ಬಿಎಲ್‌ಒ ಮನೆಗೆ ಬಂದು ಪರಿಶೀಲಿಸುತ್ತಾರೆ. ಮಗಳು ಕಾಲೇಜಿನಲ್ಲಿ ಅರ್ಜಿ ಹಾಕಿದ್ದು ಮನೆಯವರಿಗೆ ಗೊತ್ತೇ ಇಲ್ಲದಿದ್ದರೆ, ಬಂದವರಿಗೆ ‘ನಮ್ಮ ಮನೆಯಲ್ಲಿ ಯಾರೂ ಅರ್ಜಿ ಹಾಕಿಲ್ಲ’ ಎಂದು ಹೇಳಿ ಕಳುಹಿಸಿದರೆ, ಅಲ್ಲಿಗೆ ಅರ್ಜಿ ನಿಂತುಹೋಗುತ್ತದೆ. ಶಿಬಿರದ ಸಂಜೆಯೇ ಪ್ರತಿಯೊಬ್ಬರೂ ಮನೆಯಲ್ಲಿ ವಿಷಯ ತಿಳಿಸಿ, ದಾಖಲೆಯ ಒಂದು ಪ್ರತಿಯನ್ನು ಅಮ್ಮನ ಅಥವಾ ಅಜ್ಜಿಯ ಕೈಯಲ್ಲಿ ಇಟ್ಟಿರಬೇಕು. ಹಗಲೆಲ್ಲ ಕೂಲಿಗೆ ಹೋಗುವ ಮನೆಯವರು ಬಿಎಲ್‌ಒ ಅವರಿಗೆ ಫೋನ್ ಮಾಡಿ ಸಂಜೆ ಅಥವಾ ಭಾನುವಾರದ ಸಮಯ ಕೇಳಿಕೊಳ್ಳಬಹುದು. ಬಿಎಲ್‌ಒಗಳಲ್ಲಿ ಅನೇಕರು ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರೇ ಆಗಿರುವುದರಿಂದ ಊರಿನವರಿಗೆ ಪರಿಚಿತರೇ ಆಗಿರುತ್ತಾರೆ.

ಆಕ್ಷೇಪಣೆಗಾಗಿ ಏಳು ದಿನ ಕಾಲಾವಕಾಶ ಕೊಟ್ಟ ಮೇಲೆಯೇ ನೋಂದಣಿ ಅಧಿಕಾರಿ ತೀರ್ಮಾನ ಮಾಡುತ್ತಾರೆ. ಚುನಾವಣೆ ಘೋಷಣೆಯಾದ ಹೊತ್ತಿನಲ್ಲಿ ಈ ಏಳು ದಿನಗಳ ಲೆಕ್ಕ ಬಹಳ ಮುಖ್ಯ: ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ನಂತರ ಆ ಚುನಾವಣೆಗೆ ಹೊಸ ಹೆಸರು ಸೇರಿಸುವಂತಿಲ್ಲವಾದ್ದರಿಂದ, ಅದಕ್ಕೆ ಸುಮಾರು ಹತ್ತು ದಿನ ಮೊದಲೇ ಅರ್ಜಿ ತಲುಪಿರಬೇಕು. ಅರ್ಜಿ ತಿರಸ್ಕೃತವಾದರೆ ಎದೆಗುಂದಬೇಕಿಲ್ಲ. ಕಾರಣವನ್ನು ನೋಡಿ, ಮಸುಕಾದ ದಾಖಲೆ ಅಥವಾ ತಪ್ಪು ವಿಳಾಸವಿದ್ದರೆ ಸರಿಪಡಿಸಿ ಹೊಸದಾಗಿ ಅರ್ಜಿ ಹಾಕಬಹುದು. ತೀರ್ಮಾನವೇ ಸರಿಯಲ್ಲ ಎನಿಸಿದರೆ 15 ದಿನಗಳೊಳಗೆ ಜಿಲ್ಲಾ ದಂಡಾಧಿಕಾರಿಗೆ, ಅಲ್ಲಿಯೂ ಪರಿಹಾರ ಸಿಗದಿದ್ದರೆ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಸಲ್ಲಿಸುವ ಹಕ್ಕಿದೆ. ಮಾಹಿತಿ ಬೇಕಾದಾಗ 1950 ಸಂಖ್ಯೆಗೆ ಕರೆ ಮಾಡಬಹುದು.

ಗುರುತಿನ ಚೀಟಿ ಅಂಚೆಯ ಮೂಲಕ ಉಚಿತವಾಗಿ ಮನೆಗೆ ಬರುತ್ತದೆ. ಅದು ಕೈಗೆ ಬಂದರೂ ಪ್ರತಿ ಚುನಾವಣೆಗೆ ಮೊದಲು ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿಕೊಳ್ಳುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಮಾಡಿಸಬೇಕು, ಏಕೆಂದರೆ ಮತ ಹಾಕುವ ಹಕ್ಕು ಪಟ್ಟಿಯಲ್ಲಿರುವ ಹೆಸರಿನಿಂದ ಬರುತ್ತದೆ, ಚೀಟಿಯಿಂದ ಬರುವುದಿಲ್ಲ.

ಪ್ರೌಢಶಾಲೆಯ ಮಕ್ಕಳು ಏನು ಮಾಡಬಹುದು

ಒಂಬತ್ತು, ಹತ್ತನೇ ತರಗತಿಯವರಿಗೆ ಅರ್ಜಿ ಹಾಕುವ ವಯಸ್ಸಾಗಿಲ್ಲ. ಹಾಗೆಂದು ಅವರನ್ನು ಫಲಕ ಹಿಡಿದು ಬಿಸಿಲಲ್ಲಿ ನಡೆಯಲಷ್ಟೇ ಕರೆಯುವುದು ಅವರ ಬುದ್ಧಿಗೆ ಮಾಡುವ ಅವಮಾನ. ಶಾಲಾ ಸಂಸತ್ತಿನ ಚುನಾವಣೆ ಬಹುತೇಕ ಎಲ್ಲ ಶಾಲೆಗಳಲ್ಲೂ ನಡೆಯುತ್ತದೆ, ಆದರೆ ಅದರಲ್ಲಿ ಮತದಾನದ ದಿನಕ್ಕೆ ಮಾತ್ರ ಮಹತ್ವ. ಅದಕ್ಕೆ ಮೂರು ವಾರ ಮೊದಲು ಮತದಾರರ ಪಟ್ಟಿಯನ್ನು ತಯಾರಿಸುವ ಕೆಲಸವನ್ನು ಮಕ್ಕಳಿಗೇ ವಹಿಸಿ ನೋಡಿ. ಜುಲೈ 1ನ್ನು ಅರ್ಹತಾ ದಿನಾಂಕವೆಂದು ನಿಗದಿ ಮಾಡಿ, ಆ ದಿನ ಶಾಲೆಯ ದಾಖಲಾತಿಯಲ್ಲಿ ಇರುವವರು ಮಾತ್ರ ಮತದಾರರೆಂದು ಘೋಷಿಸಬೇಕು. ಹಾಜರಿ ಪುಸ್ತಕದಿಂದ ಅಲ್ಲ, ತರಗತಿಯಿಂದ ತರಗತಿಗೆ ಹೋಗಿ ಕೇಳಿ ಕರಡು ಪಟ್ಟಿ ಸಿದ್ಧಪಡಿಸಬೇಕು. ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕಿದ ಮರುದಿನವೇ ದೂರುಗಳು ಬರುತ್ತವೆ: ಜ್ವರದಿಂದ ರಜೆಯಲ್ಲಿದ್ದವನ ಹೆಸರು ಬಿಟ್ಟುಹೋಗಿರುತ್ತದೆ, ವರ್ಗಾವಣೆ ಪತ್ರ ಪಡೆದು ಹೋದವಳ ಹೆಸರು ಉಳಿದಿರುತ್ತದೆ, ವಿಭಾಗ ಬದಲಾಯಿಸಿದ ಒಬ್ಬನ ಹೆಸರು ಎರಡು ಕಡೆ ಕಾಣುತ್ತದೆ. ಮೊದಲನೆಯದಕ್ಕೆ ಸೇರ್ಪಡೆಯ ನಮೂನೆ-6, ಎರಡನೆಯದಕ್ಕೂ ಮೂರನೆಯದಕ್ಕೂ ತೆಗೆದುಹಾಕುವ ನಮೂನೆ-7, ಹೆಸರು ತಪ್ಪಾಗಿದ್ದರೆ ತಿದ್ದುಪಡಿಗೆ ನಮೂನೆ-8 ಎಂದು ಅದೇ ಸಂಖ್ಯೆಗಳನ್ನು ಬಳಸಿ ಚೀಟಿಗಳನ್ನು ತುಂಬಿಸಬೇಕು. ಮಕ್ಕಳ ಒಂದು ಸಣ್ಣ ಸಮಿತಿ ಅವುಗಳನ್ನು ವಿಚಾರಿಸಿ, ಕಾರಣ ಬರೆದು ತೀರ್ಮಾನಿಸಿ, ಅಂತಿಮ ಪಟ್ಟಿ ಪ್ರಕಟಿಸಬೇಕು. ಒಂದು ಹೆಸರು ಬಿಟ್ಟುಹೋದರೆ ಆ ಒಬ್ಬರಿಗೆ ಏನಾಗುತ್ತದೆ ಎಂಬುದು ಪೌರನೀತಿಯ ಪಾಠಕ್ಕಿಂತ ಇದರಿಂದ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ, ಎರಡು ಮೂರು ವರ್ಷದ ನಂತರ ನಿಜವಾದ ನಮೂನೆ ಕೈಗೆ ಬಂದಾಗ ಅದು ಅಪರಿಚಿತವೂ ಆಗಿರುವುದಿಲ್ಲ.

ಇನ್ನೊಂದು ಕೆಲಸ ಮನೆಯಲ್ಲಿಯೇ ನಡೆಯಬೇಕಾದದ್ದು. ಪ್ರತಿ ಮಗುವೂ ತನ್ನ ಮನೆಯ ಹಿರಿಯರ ಜೊತೆ ಕುಳಿತು ತಮ್ಮ ಮತಗಟ್ಟೆಯ ಪಟ್ಟಿಯಲ್ಲಿ ಮನೆಯವರೆಲ್ಲರ ಹೆಸರನ್ನು ಹುಡುಕಲಿ. ತೀರಿಕೊಂಡ ಅಜ್ಜನ ಹೆಸರು ಉಳಿದಿದ್ದರೆ ಮನೆಯವರು ನಮೂನೆ-7 ಕೊಡಬಹುದು. ಅಣ್ಣ ಅಥವಾ ಅಕ್ಕ 18 ದಾಟಿಯೂ ಪಟ್ಟಿಯಲ್ಲಿ ಇಲ್ಲವೆಂದು ಗೊತ್ತಾದರೆ ಅದಕ್ಕಿಂತ ದೊಡ್ಡ ಲಾಭವಿಲ್ಲ. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿ ಗ್ಯಾರೇಜು, ಗಾರ್ಮೆಂಟ್ಸ್, ಹೊಲದ ಕೆಲಸಕ್ಕೆ ಹೋದವರನ್ನು ಯಾವ ಕಾಲೇಜಿನ ಶಿಬಿರವೂ ತಲುಪುವುದಿಲ್ಲ. ಅವರನ್ನು ತಲುಪಬಲ್ಲವರು ಇನ್ನೂ ಶಾಲೆಯಲ್ಲಿರುವ ಅವರ ತಮ್ಮ ತಂಗಿಯರೇ. ಅಂತಹವರಿಗೆ ಕಾಲೇಜಿನ ಶಿಬಿರದ ದಿನಾಂಕವನ್ನು ತಿಳಿಸಿ, ಅಂದು ಬರಲು ಆಹ್ವಾನಿಸುವ ಒಂದು ಪತ್ರವನ್ನು ಪ್ರೌಢಶಾಲೆಯ ಮಕ್ಕಳ ಕೈಯಲ್ಲಿ ಕಳುಹಿಸಿದರೆ ಶಿಬಿರದ ಬಾಗಿಲು ಊರಿಗೆಲ್ಲ ತೆರೆದಂತಾಗುತ್ತದೆ.

ಪಕ್ಷ, ಒತ್ತಾಯ, ಗೋಪ್ಯತೆ

ಆವರಣದೊಳಗೆ ಯಾವ ಪಕ್ಷದ ಬಾವುಟ, ಶಾಲು, ಕರಪತ್ರ, ಪ್ರಾಯೋಜಿತ ತಿಂಡಿಯೂ ಬರಬಾರದು. ಜನಪ್ರತಿನಿಧಿಗಳಿಂದ ಶಿಬಿರ ಉದ್ಘಾಟನೆ ಮಾಡಿಸುವ ಯೋಚನೆಯನ್ನು ಬಿಡುವುದೇ ಲೇಸು. ಒಬ್ಬರು ವೇದಿಕೆಗೆ ಬಂದರೆ ಇನ್ನೊಬ್ಬರ ಮನೆಯ ಮಗು ಹಿಂದೆ ಸರಿಯುತ್ತದೆ. ಅರ್ಜಿ ತುಂಬುವಾಗ ಯಾರಿಗೆ ಮತ ಹಾಕುತ್ತೀಯ ಎಂಬ ಮಾತು ತಮಾಷೆಗೂ ಬರಕೂಡದೆಂದು ಸಮಿತಿಯವರಿಗೆ ಮೊದಲೇ ತಿಳಿಹೇಳಬೇಕು.

ನೋಂದಣಿ ಹಕ್ಕು, ಕಡ್ಡಾಯವಲ್ಲ. ಆಂತರಿಕ ಅಂಕ, ಹಾಜರಾತಿ, ಪ್ರವೇಶಪತ್ರಕ್ಕೆ ಇದನ್ನು ಗಂಟುಹಾಕುವ ಅಧಿಕಾರ ಯಾವ ಸಂಸ್ಥೆಗೂ ಇಲ್ಲ. ಬೇಡವೆಂದವರನ್ನು ಎಲ್ಲರ ಮುಂದೆ ಕಾರಣ ಕೇಳುವುದೂ ಸಲ್ಲದು. ದಾಖಲೆಯ ತೊಡಕು, ಮನೆಯ ತೊಂದರೆ, ಪೌರತ್ವದ ವಿಚಾರ ಹೀಗೆ ಹೇಳಿಕೊಳ್ಳಲಾಗದ ಕಾರಣಗಳು ಅವರಿಗಿರಬಹುದು.

ದಾಖಲೆಗಳ ಫೋಟೊಗಳನ್ನು ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿಸುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಬೇಕು. ಸುಲಭವೆಂದು ಎಲ್ಲರೂ ಹಿಡಿಯುವ ದಾರಿ ಅದೇ, ಅಪಾಯದ ದಾರಿಯೂ ಅದೇ. ಅವರವರ ದಾಖಲೆ ಅವರವರ ಮೊಬೈಲ್‌ನಿಂದ ಅಥವಾ ತಂದೆತಾಯಿಯ ಮೊಬೈಲ್‌ನಿಂದಲೇ ಅಪ್‌ಲೋಡ್ ಆಗಲಿ, ಒಟಿಪಿಯನ್ನು ಅರ್ಜಿದಾರರೇ ಟೈಪ್ ಮಾಡಲಿ. ಕಾಲೇಜಿನ ಗಣಕಯಂತ್ರ ಬಳಸಿದರೆ ಪ್ರತಿಯೊಬ್ಬರ ಕೆಲಸ ಮುಗಿದ ಕೂಡಲೇ ಲಾಗ್‌ಔಟ್ ಮಾಡಿಸಿ, ಉಳಿದ ಕಡತಗಳನ್ನು ಅಳಿಸುವ ಹೊಣೆಯನ್ನು ಒಬ್ಬ ಸದಸ್ಯರಿಗೆ ಹೆಸರು ಹಿಡಿದು ವಹಿಸಬೇಕು.

ವರ್ಷದ ವೇಳಾಪಟ್ಟಿ

ಜೂನ್‌ನಲ್ಲಿ ಸಮಿತಿಯ ಆಯ್ಕೆ ಮತ್ತು ವಯಸ್ಸಿನ ಪಟ್ಟಿ, ಜುಲೈ ಅಥವಾ ಆಗಸ್ಟ್‌ನಲ್ಲಿ ಮೊದಲ ಶಿಬಿರ, ದಸರಾ ರಜೆಯ ನಂತರ ವಾರ್ಷಿಕ ಪರಿಷ್ಕರಣೆಯ ಕರಡು ಪ್ರಕಟವಾದ ಹೊತ್ತಿಗೆ ಮುಂಗಡ ಅರ್ಜಿಗಳ ಎರಡನೆಯ ಶಿಬಿರ, ಇದು ನಮ್ಮ ಶೈಕ್ಷಣಿಕ ವರ್ಷಕ್ಕೆ ಹೊಂದುವ ಕ್ರಮ. ಜನವರಿ 25ರ ಸಮಾರಂಭದಲ್ಲಿ ಹೊಸ ಮತದಾರರಿಗೆ ಗುರುತಿನ ಚೀಟಿ ಕೊಡುವ ಪದ್ಧತಿ ಇರುವುದರಿಂದ, ನಿಮ್ಮ ಕಾಲೇಜಿನವರಿಗೆ ಅಂದು ಚೀಟಿ ಸಿಗುವಂತೆ ಮಾಡಲು ಡಿಸೆಂಬರ್‌ನಲ್ಲೇ ಚುನಾವಣಾ ಶಾಖೆಯನ್ನು ಕೇಳಿಕೊಳ್ಳಬಹುದು. ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಪರೀಕ್ಷೆಯೇ ಮುಖ್ಯ, ಹೊಸ ಶಿಬಿರ ಬೇಡ. ಆದರೆ ದ್ವಿತೀಯ ಪಿಯು ವಿದ್ಯಾರ್ಥಿಗಳು ಪ್ರವೇಶಪತ್ರ ಪಡೆಯಲು ಬರುವ ದಿನ ಸಮಿತಿಯವರು ನೋಟ್‌ಬುಕ್ ತೆರೆದು, ಅರ್ಜಿ ಇನ್ನೂ ಇತ್ಯರ್ಥವಾಗದೆ ಉಳಿದವರಿಗೆ ಅವರ ಉಲ್ಲೇಖ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಡಬೇಕು, ಮತ್ತು ಅದೇ ದಿನ ಆ ನೋಟ್‌ಬುಕ್ ನೋಡಲ್ ಶಿಕ್ಷಕರ ಸಮ್ಮುಖದಲ್ಲಿ ಪ್ರಥಮ ಪಿಯು ಸದಸ್ಯರ ವಶಕ್ಕೆ ಹೋಗಬೇಕು.